ಆಟದ ಮೋಟಾರಿನ ಹದ

ರೇಡಿಯೋ ಎಂದೊಡನೆ ನಮ್ಮ ಮೈಸೂರಿನವರಿಗೆ ಗೋಪಾಲಸ್ವಾಮಿಯವರ ನೆನಪು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೂ ಬಹಳ ಹಿಂದೆ, 1898ರಲ್ಲಿಯೇ, ನ್ಯೂಯಾರ್ಕಿನಲ್ಲಿ ಟೆಸ್ಲಾ ಅವರು ಅಂಥವೇ ಅಲೆಗಳಿಂದ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದ್ದರು. ನನ್ನ ಮಗನ ಆಟದ ಮೋಟಾರು ಆ ದೋಣಿಯ ವಂಶದ್ದು.

ಆಟದ್ದೆಂದು ಅದನ್ನು ಹಗುರವಾಗಿ ಎಣಿಸಬಾರದು. ನಿಜವಾದ ಕಾರಿನ ಹತ್ತರಲ್ಲೊಂದು ಪಾಲಿನಷ್ಟಿರುವ ಆ ಗಾಡಿಗೆ ಗಾಲಿಗೊಂದು ಸ್ಪ್ರಿಂಗು, ಎಣ್ಣೆ ತುಂಬಿದ ಶಾಕು, ಗಾಲಿಯ ಓರೆಯನ್ನು ತಿದ್ದುವ ತಿರುಪು, ಎಲ್ಲವೂ ಉಂಟು. ಭಾನುವಾರದ ಬೆಳಗ್ಗೆ ಲಲಿತಮಹಲಿನ ಕಡೆಯ ಬಯಲಿಗೆ ಹೋಗುತ್ತೇವೆ. ಓಡಿಸುವವನು ಅವನು, ಹದಮಾಡುವವನು ನಾನು.

ಕಳೆದ ತಿಂಗಳು ಗಾಡಿಯು ತಿರುವಿನಲ್ಲಿ ಹಿಂಭಾಗವನ್ನು ಬೀಸಿ ಗಿರಕಿ ಹೊಡೆಯತೊಡಗಿತು. ‘ಬಾಲ ನೆಲ ಹಿಡಿಯುತ್ತಿಲ್ಲ, ಅಪ್ಪ’ ಎಂದು ಹುಡುಗನು ಹೇಳಿದನು. ನಾನು ಹಿಂದಿನ ಸ್ಪ್ರಿಂಗುಗಳನ್ನು ಗಡುಸುಮಾಡಿದೆನು. ಶಾಕುಗಳಿಗೆ ಮಂದವಾದ ಎಣ್ಣೆ ಹಾಕಿದೆನು. ರೇಸಿನ ಹುಡುಗರು ‘ಟೋ’ ಎನ್ನುವ, ಹಿಂದಿನ ಗಾಲಿಗಳ ಒಳಮುಖದ ಓರೆಯನ್ನು ಮೂರು ಡಿಗ್ರಿಯಿಂದ ಒಂದಕ್ಕಿಳಿಸಿದೆನು. ನೇರದಾರಿಯಲ್ಲಿ ವೇಗವೂ ಹೆಚ್ಚಲೆಂಬ ದುರಾಸೆ! ಮೂರೂ ಒಂದೇ ರಾತ್ರಿಯ ಕೆಲಸ.

ಮರುವಾರ ಗಿರಕಿ ಇಮ್ಮಡಿಯಾಯಿತು. ‘ನಿನ್ನ ಕೈಯೇ ಸರಿಯಿಲ್ಲ’ ಎಂದು ನಾಲ್ವರೆದುರು ಅವನನ್ನು ಗದರಿಸಿದೆನು. ಅವನು ಮಾತನಾಡದೆ ರಿಮೋಟನ್ನು ನನ್ನ ಕೈಗಿತ್ತು, ದೂರ ಹೋಗಿ ನಿಂತನು. ನಾನು ಓಡಿಸಿದೆನು. ಎರಡನೆಯ ತಿರುವಿನಲ್ಲಿಯೇ ಗಾಡಿ ಮಗುಚಿಕೊಂಡಿತು.

ಜಾರುವುದನ್ನು ಬಿಗಿಮಾಡಬೇಕೆಂದು ನಾನು ಎಣಿಸಿದ್ದೆ. ಸಡಿಲ ಮಣ್ಣಿನಲ್ಲಿ ಸಂಗತಿ ತಿರುಗುಮುರುಗು. ಮೆತ್ತನೆಯ ಸ್ಪ್ರಿಂಗು ಉಬ್ಬುತಗ್ಗುಗಳಲ್ಲಿಯೂ ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಗಡುಸಾದುದು ಅದನ್ನು ಪುಟಿಸಿಬಿಡುತ್ತದೆ. ಎಣ್ಣೆ ಮಂದವಾದರೆ ಮೇಲೆದ್ದ ಗಾಲಿ ಕೆಳಗಿಳಿಯುವುದೂ ತಡ. ಒಳಮುಖದ ಓರೆಯಂತೂ ಹಿಂಭಾಗವನ್ನು ನೆಟ್ಟಗೆ ನಿಲ್ಲಿಸುವುದಕ್ಕಾಗಿಯೇ ಇದ್ದುದು. ಮೂರನ್ನೂ ನಾನೇ ಕೆಡಿಸಿದ್ದೆ.

ಈಗ ಒಂದು ಸಲಕ್ಕೆ ಒಂದೇ ತಿರುಪು. ಮೊದಲು ಓರೆಯನ್ನು ಮೂರು ಡಿಗ್ರಿಗೆ ತಂದೆನು, ಆಮೇಲೆ ಹಳೆಯ ಸ್ಪ್ರಿಂಗುಗಳನ್ನು ಹಾಕಿದೆನು. ಪ್ರತಿಯೊಂದಕ್ಕೂ ಗಾಡಿಯನ್ನು ಐದಾರು ಸುತ್ತು ಓಡಿಸಿ, ಹುಡುಗನು ಹೇಳಿದುದನ್ನು ಚೀಟಿಯಲ್ಲಿ ಬರೆದಿಡುತ್ತೇನೆ. ಅವನೂ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತಿದ್ದನು.

ತಪ್ಪು ನನ್ನದೆಂದು ಹೇಳುವುದಕ್ಕೆ ಮೂರು ವಾರ ಹಿಡಿಯಿತು. ಮೊನ್ನೆ ಊಟದ ಹೊತ್ತಿನಲ್ಲಿ ಹೇಳಿದೆನು. ಅವನು ತಲೆಯೆತ್ತದೆ, ‘ಹಿಂದಿನ ಎಣ್ಣೆ ಇನ್ನೂ ಸ್ವಲ್ಪ ತೆಳ್ಳಗಿರಲಿ, ಅಪ್ಪ’ ಎಂದನು.