ಪಕ್ಕದ ಮನೆಗೆ ಬೆಂಕಿ ಬಿದ್ದಾಗ

ಪಕ್ಕದ ಮನೆಗೆ ಬೆಂಕಿ ಬಿದ್ದರೆ ನೀವು ಏನು ಮಾಡುತ್ತೀರಿ? ಅದು ಅವರ ಮನೆ ವಿಚಾರವೆಂದು ಬಾಗಿಲು ಹಾಕಿಕೊಳ್ಳುವುದಿಲ್ಲ. ಕೊಡ ಹಿಡಿದು ಓಡುತ್ತೀರಿ. ಆದರೆ ದೇಶಗಳು ಬಹಳ ಕಾಲ ಬಾಗಿಲು ಹಾಕಿಕೊಂಡೇ ಇದ್ದವು.

1994ರ ಏಪ್ರಿಲ್‌ನಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಟುಟ್ಸಿ ಜನರ ಹತ್ಯಾಕಾಂಡ ಶುರುವಾಯಿತು. ಸುಮಾರು ನೂರು ದಿನಗಳಲ್ಲಿ 8 ಲಕ್ಷದಷ್ಟು ಜನ ಪ್ರಾಣ ಕಳೆದುಕೊಂಡರು. ಅದಕ್ಕೂ ಮೊದಲೇ, ತಿಂಗಳುಗಟ್ಟಲೆ, ಅಲ್ಲಿನ ಒಂದು ರೇಡಿಯೋ ಅವರನ್ನು ಜಿರಳೆಗಳೆಂದು ಕರೆಯುತ್ತಿತ್ತು. ಕೊಲೆಗಳು ನಡೆಯುತ್ತಿರುವಾಗಲೇ ವಿಶ್ವಸಂಸ್ಥೆಯು ತನ್ನ ಸುಮಾರು 2,500 ಶಾಂತಿಪಾಲಕರನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು.

ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸಾರ್, ಪಕ್ಕದ ದೇಶದವರಿಗೆ ಆ ರೇಡಿಯೋ ಕೇಳಿಸಲಿಲ್ಲವೇ?" ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಆಫ್ರಿಕಾದ ದೇಶಗಳೂ ತಮ್ಮನ್ನು ತಾವೇ ಈ ಪ್ರಶ್ನೆ ಕೇಳಿಕೊಂಡವು. 2000ದಲ್ಲಿ ಅಂಗೀಕರಿಸಿದ ಆಫ್ರಿಕನ್ ಒಕ್ಕೂಟದ ಸ್ಥಾಪನಾ ಕಾಯಿದೆಯ 4ನೇ ವಿಧಿಯಲ್ಲಿ, ಒಂದು ಸದಸ್ಯ ದೇಶದಲ್ಲಿ ಜನಾಂಗ ಹತ್ಯೆ ನಡೆದರೆ ಮಧ್ಯಪ್ರವೇಶಿಸುವ ಹಕ್ಕು ಒಕ್ಕೂಟಕ್ಕಿದೆ ಎಂದು ಬರೆದರು.

ಮಧ್ಯಪ್ರವೇಶವೆಂದರೆ ಸೈನ್ಯ ಕಳಿಸುವುದೇ ಆಗಬೇಕಿಲ್ಲ. 2007ರ ಡಿಸೆಂಬರ್‌ನಲ್ಲಿ ಕೀನ್ಯಾದ ಚುನಾವಣೆಯ ನಂತರ ಬುಡಕಟ್ಟುಗಳ ನಡುವೆ ಹಿಂಸೆ ಭುಗಿಲೆದ್ದಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ಆಫ್ರಿಕನ್ ಒಕ್ಕೂಟವು ಕೋಫಿ ಅನ್ನಾನ್ ನೇತೃತ್ವದಲ್ಲಿ ಸಂಧಾನಕಾರರನ್ನು ಕಳಿಸಿತು. ನೆರೆಯ ತಾಂಜಾನಿಯಾದ ಮಾಜಿ ಅಧ್ಯಕ್ಷ ಬೆಂಜಮಿನ್ ಎಂಕಾಪಾ ಅವರಲ್ಲೊಬ್ಬರು. 1994ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ವಿಭಾಗದ ಮುಖ್ಯಸ್ಥರಾಗಿದ್ದವರು ಇದೇ ಅನ್ನಾನ್. ಸುಮಾರು ಐದು ವಾರಗಳ ಮಾತುಕತೆಯ ನಂತರ, 2008ರ ಫೆಬ್ರವರಿ 28ರಂದು ಇಬ್ಬರು ಎದುರಾಳಿ ನಾಯಕರೂ ಅಧಿಕಾರ ಹಂಚಿಕೊಳ್ಳಲು ಸಹಿ ಹಾಕಿದರು. ಹಿಂಸೆ ತಣ್ಣಗಾಯಿತು.

ಪ್ರತಿ ಸಲ ಹೀಗಾಗುವುದಿಲ್ಲ. 2023ರಲ್ಲಿ ಸುಡಾನಿನ ಡಾರ್ಫುರ್‌ನಲ್ಲಿ ಮಸಾಲೀತ್ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಾಗ ಆ 4ನೇ ವಿಧಿ ಕಾಗದದಲ್ಲೇ ಉಳಿಯಿತು. ಹೊತ್ತಿಗೆ ಸರಿಯಾಗಿ ಹೊರಡುವ ನೆರೆಯವರಿಲ್ಲದಿದ್ದರೆ ಎಂಥ ಕಾನೂನೂ ಜೀವ ಉಳಿಸುವುದಿಲ್ಲ.

ದೇಶಗಳ ಮಾತು ದೊಡ್ಡದು, ನಮ್ಮಿಂದ ಏನಾದೀತು ಎಂದು ನೀವು ಕೇಳಬಹುದು. ಕೊಲೆಗಿಂತ ಮೊದಲು ಬರುವುದು ಮಾತು. ಒಂದು ಸಮುದಾಯವನ್ನು ಹುಳುಹುಪ್ಪಟೆಗೆ ಹೋಲಿಸುವ ಮಾತು ನಿಮ್ಮ ಮನೆಯಲ್ಲಿ, ಊಟಕ್ಕೆ ಕುಳಿತಾಗ ಬಂದರೆ, ಅದು ಯಾರ ಬಗ್ಗೆಯೇ ಆಗಿರಲಿ, ಯಾರು ಆಡಿದ್ದೇ ಆಗಿರಲಿ, ಅಲ್ಲಿಯೇ ತಡೆಯಿರಿ. ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.