ನಡುಗಡಲಿನ ದೀಪಾವಳಿ

ಕಲಬುರಗಿಗೆ ಹೊಂದಿಕೊಂಡ ಕೋಟನೂರದಲ್ಲಿ ದೀಪಾವಳಿ ಆರಂಭವಾಗುವುದು ನೀರಿನಿಂದ. ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತುಂಬಿ, ಪೂಜಿಸುತ್ತಾರೆ. ಮರುದಿನ ನಸುಕಿನಲ್ಲಿ ಎಣ್ಣೆ ಸ್ನಾನ, ಆರತಿ. ಆಮೇಲೆ ಅಮಾವಾಸ್ಯೆಯ ಲಕ್ಷ್ಮೀಪೂಜೆ, ಪಾಡ್ಯದ ಸೆಗಣಿಯ ಪಾಂಡವರು, ಕರ್ಚಿಕಾಯಿ, ಶೇಂಗಾ ಹೋಳಿಗೆ.

ಈ ಸಂಭ್ರಮದ ನಡುವೆಯೂ ಕೆಲವು ಮನೆಗಳಲ್ಲಿ ಒಂದು ತಾಟು ಕಡಿಮೆ ಬೀಳುತ್ತದೆ. ಮಗ ಪರೀಕ್ಷೆಗೆಂದು ಹಾಸ್ಟೆಲಿನಲ್ಲೇ ಉಳಿದಿರುತ್ತಾನೆ. ಮಗಳಿಗೆ ಪುಣೆಯಲ್ಲೋ ಬೆಂಗಳೂರಿನಲ್ಲೋ ರಜೆ ಸಿಕ್ಕಿರುವುದಿಲ್ಲ. 'ಹಬ್ಬಕ್ಕೂ ಬರಲಿಲ್ಲ ನೋಡ್ರಿ' ಎಂದು ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ. ಅಂಥ ಮನೆಯವರು ಕೇಳಬೇಕಾದ ಒಂದು ಸಂಗತಿ ಸಮುದ್ರದ ಮೇಲೆ ನಡೆದಿದೆ.

2017ರ ಸೆಪ್ಟೆಂಬರ್ 10ರಂದು ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಗೋವೆಯಿಂದ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ವರ್ತಿಕಾ ಜೋಷಿ ಮುಖ್ಯಸ್ಥೆ. ಪ್ರತಿಭಾ ಜಾಮ್ವಾಲ್, ಪಿ. ಸ್ವಾತಿ, ಬಿ. ಐಶ್ವರ್ಯಾ, ವಿಜಯಾ ದೇವಿ, ಪಾಯಲ್ ಗುಪ್ತಾ ಜೊತೆಗಾರ್ತಿಯರು. ದೋಣಿಯ ಉದ್ದ 56 ಅಡಿ. ಅಡುಗೆ, ನಿದ್ದೆ, ದುರಸ್ತಿ ಎಲ್ಲವೂ ಅಷ್ಟರಲ್ಲೇ. ಮೊದಲ ಬಂದರಾದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ತಲುಪಿದ್ದು ಅಕ್ಟೋಬರ್ 23ರಂದು. ಆ ವರ್ಷದ ದಸರೆಯೂ ದೀಪಾವಳಿಯೂ ನಡುವೆಯೇ ಬಂದವು. ಬನ್ನಿ ಕೊಡಲು ಅಲ್ಲಿ ಗಿಡವಿಲ್ಲ, ಕಾಲಿಗೆರಗಲು ಹಿರಿಯರಿಲ್ಲ.

ಅಲ್ಲಿಯ ದೀಪಾವಳಿಯನ್ನು ಊಹಿಸಿ ನೋಡಿ. ಸುತ್ತ ಕಣ್ಣು ಹರಿಯುವಷ್ಟು ನೀರು, ಆದರೆ ಹಂಡೆ ತುಂಬುವ ಹಾಗಿಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದನ್ನು ಕುಡಿದರೆ, ಆ ಉಪ್ಪನ್ನು ಹೊರಹಾಕಲು ದೇಹವು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಕಳೆದುಕೊಳ್ಳುತ್ತದೆ. ಸಿಹಿನೀರು ಅಳತೆಯದು; ಬೇಸಿಗೆಯಲ್ಲಿ ಕೊಡಕ್ಕಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ದೋಣಿಗಳಲ್ಲಿ ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಪಾತ್ರೆ ಮಟ್ಟಸವಾಗಿ ನಿಲ್ಲಲೆಂದು ಈ ಏರ್ಪಾಡು. ಆದರೂ ಕುದಿಯುವ ಎಣ್ಣೆಯಲ್ಲಿ ಕರ್ಚಿಕಾಯಿ ಬಿಡುವುದು ಸಾಹಸವೇ ಸರಿ.

ಹಣತೆಯ ಗತಿಯೂ ಅಷ್ಟೇ. ಗಾಳಿಗೆ ಅದು ನಿಲ್ಲದು. ನಿಂತರೆ ಬೆಂಕಿಯ ಭಯ. ಆದರೆ ದೋಣಿಗೆ ತನ್ನದೇ ದೀಪಗಳಿವೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಉರಿಯಲೇಬೇಕು. ಕಪ್ಪು ಕಡಲಿನಲ್ಲಿ ಎದುರಿನ ಹಡಗಿಗೆ 'ಇಲ್ಲಿ ಮನುಷ್ಯರಿದ್ದಾರೆ' ಎಂದು ಹೇಳುವ ದೀಪಗಳಿವು. ಹಬ್ಬವಿರಲಿ ಬಿಡಲಿ, ಪಾಳಿಯ ಪ್ರಕಾರ ಒಬ್ಬರಾದರೂ ಎಚ್ಚರವಿರಬೇಕು. ಹಬ್ಬವೆಂದು ಗಾಳಿ ರಜೆ ಕೊಡುವುದಿಲ್ಲ.

ಹಾಗಾದರೆ ಊರಿಗೂ ಆ ದೋಣಿಗೂ ಸಾಮಾನ್ಯವಾದದ್ದು ಯಾವುದು? ಅಮಾವಾಸ್ಯೆ. ಚಂದ್ರನು ಸೂರ್ಯನ ದಿಕ್ಕಿನಲ್ಲೇ ಬಂದು ನಿಲ್ಲುವ ಆ ಗಳಿಗೆ ಇಡೀ ಭೂಮಿಗೆ ಒಂದೇ. ರೇಖಾಂಶ 15 ಡಿಗ್ರಿ ಪೂರ್ವಕ್ಕೆ ಸರಿದರೆ ಹೊತ್ತು ಒಂದು ತಾಸು ಮುಂದಾಗುತ್ತದೆ. ಹೀಗಾಗಿ ಆಸ್ಟ್ರೇಲಿಯಾವನ್ನು ಸಮೀಪಿಸಿದ್ದ ತಾರಿಣಿಯಲ್ಲಿ ಕತ್ತಲಾದಾಗ ಕೋಟನೂರದಲ್ಲಿ ಇನ್ನೂ ಬಿಸಿಲು. ಆ ಸಂಜೆ ದೀಪ ಮೊದಲು ಹತ್ತಿದ್ದು ಮನೆಯಲ್ಲಲ್ಲ, ಮನೆಯಿಂದ ದೂರವಿದ್ದ ಹೆಣ್ಣುಮಕ್ಕಳ ದೋಣಿಯಲ್ಲಿ!

ಆರು ಜನರಾದರೂ ಇದ್ದರು ಎನ್ನಬಹುದು. 2012ರಲ್ಲಿ ಅಭಿಲಾಷ್ ಟಾಮಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಲು ಹೊರಟವರು. ನವೆಂಬರ್ 1ರಂದು ಮುಂಬೈ ಬಿಟ್ಟ ಅವರಿಗೆ ಎರಡೇ ವಾರದೊಳಗೆ ದೀಪಾವಳಿ, ಮುಂದೆ ಕ್ರಿಸ್‌ಮಸ್, ಹೊಸ ವರ್ಷ ಎಲ್ಲವೂ ಒಂಟಿಯಾಗಿಯೇ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿದ್ದು 2013ರ ಗಣರಾಜ್ಯೋತ್ಸವದ ದಿನ. ಅವರ ದೋಣಿಯ ಹೆಸರು 'ಮಹದೇಯಿ'. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯದೇ ಹೆಸರು. 2024ರ ದೀಪಾವಳಿಯಲ್ಲಿ ತಾರಿಣಿಯ ಮೇಲೆ ಇದ್ದವರು ದಿಲ್ನಾ ಮತ್ತು ರೂಪಾ, ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಕಾವಲು. ಎಂಟು ತಿಂಗಳ ಯಾನ ಮುಗಿಸಿ 2025ರ ಮೇ 29ರಂದು ಅವರು ಗೋವೆಗೆ ಮರಳಿದರು.

ಇವರನ್ನೆಲ್ಲ ಕಳಿಸಿಕೊಟ್ಟ ಮನೆಗಳೂ ಇದ್ದವಲ್ಲ? ಅಲ್ಲಿಯೂ ಹಬ್ಬದ ದಿನ ಒಂದು ತಾಟು ಕಡಿಮೆ ಬಿದ್ದಿರಬೇಕು. ಮಗಳನ್ನು ಪಕ್ಕದ ಜಿಲ್ಲೆಯ ಕಾಲೇಜಿಗೆ ಕಳಿಸಲೂ ಹತ್ತು ಸಲ ಯೋಚಿಸುವ ತಂದೆತಾಯಿಗಳು ಆ ಮನೆಗಳನ್ನು ಒಮ್ಮೆ ನೆನೆಯಬೇಕು. ಹಬ್ಬಕ್ಕೆ ಬರಲಾಗದ ಮಕ್ಕಳೆಲ್ಲ ಹಬ್ಬವನ್ನು ಮರೆತವರಲ್ಲ. ಅವರು ಪಾಳಿಯಲ್ಲಿದ್ದಾರೆ, ಅಷ್ಟೇ. ಆ ಸಂಜೆ ಫೋನು ಬಂದಾಗ 'ಯಾಕ ಬರಲಿಲ್ಲ?' ಎನ್ನುವ ಬದಲು 'ಊಟ ಯಾರ ಕೂಡ ಮಾಡಿದಿ?' ಎಂದು ಕೇಳಿದರೆ ಸಾಕು. ಮಕ್ಕಳೂ ಅಷ್ಟೇ: ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಒಬ್ಬನೇ ಕುಳಿತವನನ್ನು ಕರೆದು ತಮ್ಮ ತಾಟಿನ ಮುಂದೆ ಕೂರಿಸಿಕೊಂಡರೆ, ದೀಪಾವಳಿ ಆ ಕೋಣೆಗೂ ಬಂದಂತೆಯೇ.