ಹಳೆಯ ಮೋಟಾರಿನ ಎಂಜಿನು



ಈ ಶಾಲೆಯಲ್ಲಿ ನಾವು ಕಸೂತಿಯನ್ನೂ ಬೀಜಗಣಿತವನ್ನೂ ಕಲಿತೆವು. ಮೋಟಾರುಗಾಡಿಯ ಎಂಜಿನನ್ನು ಪರೀಕ್ಷಿಸುವ ವಿದ್ಯೆಯು ಮಾತ್ರ ನನಗೆ 60ನೆಯ ವಯಸ್ಸಿನಲ್ಲಿ ಪ್ರಾಪ್ತವಾಯಿತು. 2016ರಲ್ಲಿ ನನ್ನ ವೃದ್ಧ ಮಾತೆಯವರನ್ನು ವಾರಕ್ಕೆರಡಾವರ್ತಿ ಡಯಾಲಿಸಿಸಿಗೆ ಕರೆದೊಯ್ಯಬೇಕಾಗಿ ಬಂದಿತು. ಬಸ್ಸಿನ ಮೆಟ್ಟಲನ್ನೇರುವ ಶಕ್ತಿಯು ಅವರಲ್ಲಿರಲಿಲ್ಲ. ನನ್ನ ನಿವೃತ್ತಿಯ ಹಣದಲ್ಲಿ ಉಳಿದಿದ್ದುದು ಹಳೆಯದೊಂದು ಮಾರುತಿ 800ಕ್ಕೆ ಮಾತ್ರ ಸಾಕಾಗುವಂತಿದ್ದಿತು. ಕೊಂಡ ಮೇಲೆ ಅದು ಕೆಟ್ಟರೆ ಬೇರೆ ಗತಿಯಿರಲಿಲ್ಲ.

ಮಾರುವವರ ಮನೆಗೆ ನಾನೂ ನಮ್ಮ ಬೀದಿಯ ಮಿಸ್ತ್ರಿಯೂ ಬೆಳಗ್ಗೆ 7 ಗಂಟೆಗೆ ಹೋದೆವು. ಗಾಡಿಯು ಕನ್ನಡಿಯಂತೆ ಹೊಳೆಯುತ್ತಿದ್ದಿತು. ನಾನು ಮನಸ್ಸಿನಲ್ಲಿ ಆಗಲೇ ಕೊಂಡುಬಿಟ್ಟಿದ್ದೆನು. ಮಿಸ್ತ್ರಿಯಾದರೋ ಬಣ್ಣವನ್ನು ನೋಡದೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, “ಟೀಚರಮ್ಮಾ, ಬಿಸಿಯಾಗಿದೆ. ನಾಳೆ ಬರೋಣ” ಎಂದನು. ತಣ್ಣಗಿರುವ ಎಂಜಿನನ್ನು ಸ್ಟಾರ್ಟು ಮಾಡುವಾಗ ಹೊರಬೀಳುವ ದೋಷಗಳು, ಮೊದಲೇ ಕಾಯಿಸಿಟ್ಟ ಎಂಜಿನಿನಲ್ಲಿ ಅಡಗಿಕೊಳ್ಳುವುವೆಂದು ದಾರಿಯಲ್ಲಿ ತಿಳಿಸಿದನು. ಸಭ್ಯ ಗೃಹಸ್ಥರೊಬ್ಬರನ್ನು ಹೀಗೆ ಸಂಶಯಿಸುವುದು ನನಗೆ ಸರಿದೋರಲಿಲ್ಲ.

ಮರುದಿನ ಹೇಳದೆಯೇ 6 ಗಂಟೆಗೆ ಹೋದೆವು. ಬಾನೆಟ್ಟು ತಣ್ಣಗಿದ್ದಿತು. ಆತನು ಎಣ್ಣೆಯ ಮುಚ್ಚಳವನ್ನು ತಿರುಗಿಸಿ ತೆಗೆದು ನನಗೆ ತೋರಿದನು: ಒಳಬದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಡ್ಡು ಅಂಟಿದ್ದಿತು. ಗಾಡಿಯನ್ನು ಸದಾ ಅಲ್ಪದೂರವೇ ಓಡಿಸುತ್ತಿದ್ದರೆ ಒಳಗಿನ ತೇವದಿಂದಲೂ ಹೀಗಾಗುವುದುಂಟಂತೆ. ಆದುದರಿಂದ ಅಷ್ಟಕ್ಕೇ ತೀರ್ಪು ಕೊಡದೆ ಅಳತೆಕಡ್ಡಿಯನ್ನೆಳೆದನು. ಅದರಲ್ಲಿಯೂ ಅದೇ ಬಣ್ಣ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪದರವು ತೇಲುತ್ತಿದ್ದಿತು. (ಎಂಜಿನು ಕಾದಿರುವಾಗ ಈ ಮುಚ್ಚಳವನ್ನು ಎಂದಿಗೂ ತೆರೆಯಬಾರದು, ಕುದಿನೀರು ಮುಖಕ್ಕೆ ಚಿಮ್ಮೀತು.) ಸ್ಟಾರ್ಟು ಮಾಡಿದೊಡನೆ ಬಿಳಿಯ ಹೊಗೆಯು ಹೊರಟಿತು. ಬೆಳಗಿನ ಬರಿಯ ಹಬೆಯಾಗಿದ್ದರೆ ಎಂಜಿನು ಕಾಯುತ್ತಲೇ ಮಾಯವಾಗಬೇಕು; ಇದು 10 ನಿಮಿಷವಾದರೂ ನಿಲ್ಲಲಿಲ್ಲ. ಬೇರೆಬೇರೆ ದಾರಿಗಳಲ್ಲಿ ಹರಿಯಬೇಕಾದ ನೀರೂ ಎಣ್ಣೆಯೂ, ಹೆಡ್ ಗ್ಯಾಸ್ಕೆಟ್ಟು ಕೆಟ್ಟುದರಿಂದ, ಒಂದರೊಳಗೊಂದು ಸೇರಿದ್ದುವು. ನೀಲಿಯ ಹೊಗೆಯು ಎಣ್ಣೆ ಉರಿಯುವುದರ, ಕರಿಯದು ಪೆಟ್ರೋಲು ಅತಿಯಾದುದರ ಗುರುತೆಂದೂ ಅಂದೇ ಕಲಿತೆನು.

ಮಾರುವವರು ಏನೂ ಮಾತಾಡದೆ ನಮಗೆ ಕಾಫಿ ತರಿಸಿದರು. ಅದರ ಬಣ್ಣವನ್ನು ನೋಡಿ ನನ್ನಿಂದ ಕುಡಿಯಲಾಗಲಿಲ್ಲ.

ಮೂರು ವಾರಗಳ ತರುವಾಯ ಬಣ್ಣ ಮಾಸಿದ ಬೇರೊಂದನ್ನು ಕೊಂಡೆವು. ಅದರ ಎಂಜಿನಿನ ನಂಬರನ್ನು ಆರ್‌ಸಿ ಪುಸ್ತಕದೊಡನೆ ತಾಳೆನೋಡಿದವಳು ನಾನೇ. ತಾಯಿಯವರು ತಮ್ಮ ಕಡೆಯ ಎರಡು ವರ್ಷವೂ ಅದರಲ್ಲಿಯೇ ಆಸ್ಪತ್ರೆಗೆ ಹೋಗಿಬಂದರು. ಬ್ಯಾಟರಿ ಇಳಿದುದೊಂದು ದಿನ ಹೊರತು, ಅದು ಅವರನ್ನು ದಾರಿಯಲ್ಲಿ ನಿಲ್ಲಿಸಲಿಲ್ಲ.